ಹತ್ತು ವಾರದ ಮರಿ ತರಗತಿಗೆ ಹೊರಟಾಗ

"ಟ್ರೈನಿಂಗ್ ಯಾವಾಗ ಶುರು ಮಾಡೋದು ಡಾಕ್ಟ್ರೇ?" ಮನೆಗೆ ಹೊಸದಾಗಿ ನಾಯಿಮರಿ ತಂದವರು ಪಶುವೈದ್ಯರ ಮುಂದೆ ಇಡುವ ಮೊದಲ ಪ್ರಶ್ನೆಗಳಲ್ಲಿ ಇದೊಂದು. "ಆರು ತಿಂಗಳು ತುಂಬಲಿ" ಎಂಬ ಸಲಹೆ ನಮ್ಮ ಬಡಾವಣೆಗಳಲ್ಲಿ ಇಂದಿಗೂ ಬಾಯಿಂದ ಬಾಯಿಗೆ ದಾಟುತ್ತಿದೆ. ಈ ಆರು ತಿಂಗಳ ಲೆಕ್ಕ ಹುಟ್ಟಿದ್ದು ಪೊಲೀಸ್ ಮತ್ತು ಸೇನೆಯ ನಾಯಿಗಳನ್ನು ಪಳಗಿಸುತ್ತಿದ್ದ ಹಳೆಯ ಪದ್ಧತಿಯಿಂದ. ಜರ್ಮನಿಯ ಕೊನ್ರಾಡ್ ಮೋಸ್ಟ್ 1910ರಲ್ಲಿ ಪ್ರಕಟಿಸಿದ ಕೈಪಿಡಿಯ ಕಾಲದಿಂದಲೂ ತಪ್ಪು ಮಾಡಿದರೆ ಕುತ್ತಿಗೆಯ ಪಟ್ಟಿ ಜಗ್ಗಿ ತಿದ್ದುವುದೇ ಆ ಕ್ರಮದ ಜೀವಾಳವಾಗಿತ್ತು. ಆ ಜಗ್ಗಾಟವನ್ನು ಎಳೆಯ ಕುತ್ತಿಗೆ ತಾಳಲಾರದು, ಆದ್ದರಿಂದ ಕಾಯುತ್ತಿದ್ದರು. ತಿಂಡಿ ಕೊಟ್ಟು, ಆಟ ಆಡಿಸಿ ಕಲಿಸುವುದಾದರೆ ಕಾಯುವ ಕಾರಣವೇ ಇಲ್ಲ. ಪಶುವೈದ್ಯ ಇಯಾನ್ ಡನ್‌ಬಾರ್ 1980ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮರಿಗಳಿಗೆಂದೇ ಹಗ್ಗ ಬಿಚ್ಚಿ ಆಡಿಸುವ ತರಗತಿಗಳನ್ನು ತೆರೆದರು. ಬೆಂಗಳೂರಿನಲ್ಲಿ ಇಂದು "ಪಪ್ಪಿ ಕ್ಲಾಸ್" ಎಂದು ಕರೆಸಿಕೊಳ್ಳುವುದರ ಮೂಲ ಅಲ್ಲಿದೆ.

ಆತುರ ಏಕೆಂದರೆ, ಮರಿಯ ಬದುಕಿನಲ್ಲಿ ಒಂದು ಅವಧಿ ಬಹಳ ಬೇಗ ಮುಗಿದುಹೋಗುತ್ತದೆ. ಅಮೆರಿಕದ ಬಾರ್ ಹಾರ್ಬರ್‌ನ ಪ್ರಯೋಗಾಲಯದಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಐದು ತಳಿಯ ಮರಿಗಳನ್ನು ವರ್ಷಗಟ್ಟಲೆ ಗಮನಿಸಿ 1965ರಲ್ಲಿ ಪುಸ್ತಕ ತಂದರು. ಸುಮಾರು 3ನೇ ವಾರದಿಂದ 12ನೇ ವಾರದವರೆಗೆ ಮರಿ ಹೊಸದನ್ನೆಲ್ಲ ಸುಲಭವಾಗಿ ತನ್ನದಾಗಿಸಿಕೊಳ್ಳುತ್ತದೆ, ಆಮೇಲೆ ಅಪರಿಚಿತವಾದುದರ ಬಗ್ಗೆ ಭಯ ಮುಂದಾಗುತ್ತದೆ ಎಂಬುದು ಅವರ ಕೆಲಸದಿಂದ ಸ್ಪಷ್ಟವಾಯಿತು. ಮನುಷ್ಯರ ಒಡನಾಟವೇ ಇಲ್ಲದೆ 14 ವಾರ ಬೆಳೆದ ಮರಿಗಳನ್ನು ಆಮೇಲೆ ಎಷ್ಟು ಮುದ್ದಿನಿಂದ ಕಂಡರೂ ಅವು ಪೂರ್ತಿ ಹೊಂದಿಕೊಳ್ಳಲಿಲ್ಲ. ಗಡ್ಡದ ತಾತ, ಹೆಲ್ಮೆಟ್ ಹಾಕಿದ ಡೆಲಿವರಿ ಹುಡುಗ, ಬುರ್ಖಾ ತೊಟ್ಟ ನೆರೆಮನೆಯವರು, ಊರುಗೋಲು, ಬಿಚ್ಚಿದ ಕೊಡೆ, ಕುಕ್ಕರ್ ಸೀಟಿ, ಲಿಫ್ಟ್ ಬಾಗಿಲು: ಇವೆಲ್ಲ ಅಂಜಬೇಕಾದವಲ್ಲ ಎಂದು ಮರಿ ಕಲಿಯಬೇಕಾದದ್ದು ಈ ಕೆಲವೇ ವಾರಗಳಲ್ಲಿ.

ಸಂಕಟವಿರುವುದೂ ಇಲ್ಲಿಯೇ. ಲಸಿಕೆಯ ಕ್ಯಾಲೆಂಡರ್ ಈ ಅವಧಿಯನ್ನು ದಾಟಿ ಹೋಗುತ್ತದೆ. ಮೊದಲ ಚುಚ್ಚುಮದ್ದು 6ರಿಂದ 8 ವಾರದ ನಡುವೆ. ಆಮೇಲೆ ಎರಡರಿಂದ ನಾಲ್ಕು ವಾರಕ್ಕೊಂದರಂತೆ ಬೂಸ್ಟರ್, 16 ವಾರ ತುಂಬುವವರೆಗೆ. ರೇಬೀಸ್ ಲಸಿಕೆ ಮೂರು ತಿಂಗಳಿಗೆ. ಒಂದೇ ಲಸಿಕೆಯನ್ನು ಇಷ್ಟು ಸಲ ಕೊಡುವುದೇಕೆಂದು ಅನೇಕರು ಕೇಳುತ್ತಾರೆ. ತಾಯಿಯ ಗಿಣ್ಣುಹಾಲಿನಿಂದ ಬಂದ ರಕ್ಷಣೆ ಮರಿಯ ರಕ್ತದಲ್ಲಿ ಇರುವಷ್ಟು ದಿನ ಅದು ಲಸಿಕೆಯನ್ನೂ ಕೆಲಸ ಮಾಡಲು ಬಿಡುವುದಿಲ್ಲ. ಆ ರಕ್ಷಣೆ ಒಂದು ಮರಿಯಲ್ಲಿ 8 ವಾರಕ್ಕೆ ಇಳಿದರೆ ಇನ್ನೊಂದರಲ್ಲಿ 14 ವಾರವಾದರೂ ಉಳಿದಿರಬಹುದು. ಯಾವ ಮರಿಯಲ್ಲಿ ಯಾವಾಗ ಎಂದು ಹೊರಗಿನಿಂದ ತಿಳಿಯದ ಕಾರಣ ಸಾಲಾಗಿ ಹಾಕುತ್ತಾರೆ.

ಎಲ್ಲ ಚುಚ್ಚುಮದ್ದು ಮುಗಿಯುವವರೆಗೆ ಮನೆಯಿಂದ ಹೊರಗೇ ತರದಿದ್ದರೆ ಮರಿಗೆ ನಾಲ್ಕು ತಿಂಗಳು ದಾಟುತ್ತದೆ, ಕಲಿಯುವ ಅವಧಿ ಕೈತಪ್ಪುತ್ತದೆ. ಹಾಗೆಂದು ಬೀದಿಗೆ ಬಿಟ್ಟರೆ ಪಾರ್ವೋ. ಅದು ರಕ್ತಭೇದಿ, ವಾಂತಿಯಿಂದ ಎರಡು ಮೂರು ದಿನದಲ್ಲೇ ಮರಿಯನ್ನು ಬಲಿ ತೆಗೆದುಕೊಳ್ಳಬಲ್ಲ ರೋಗ. ಅದರ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಜೀವಂತವಾಗಿರುತ್ತದೆ, ಚಪ್ಪಲಿಗೆ ಅಂಟಿಕೊಂಡು ಒಳಗೂ ಬರುತ್ತದೆ. ಹಾಗಾದರೆ ಮಾಡುವುದೇನು? ಅಮೆರಿಕದ ಪ್ರಾಣಿವರ್ತನೆ ಪಶುವೈದ್ಯರ ಸಂಘ 2008ರಲ್ಲೇ ತನ್ನ ನಿಲುವು ಹೇಳಿದೆ: ಮರಿ 7–8 ವಾರದಿಂದ ತರಗತಿಗೆ ಬರಬಹುದು, ಕನಿಷ್ಠ ಒಂದು ಸುತ್ತಿನ ಲಸಿಕೆ ಬಿದ್ದು ಏಳು ದಿನವಾಗಿರಬೇಕು, ಜಂತುಹುಳದ ಔಷಧ ಕೊಟ್ಟಿರಬೇಕು, ಬೂಸ್ಟರ್‌ಗಳು ತಪ್ಪದೆ ಮುಂದುವರಿಯಬೇಕು. ಮೂರು ವರ್ಷದೊಳಗಿನ ನಾಯಿಗಳ ಸಾವಿಗೆ ಸೋಂಕುರೋಗಗಳಿಗಿಂತ ವರ್ತನೆಯ ತೊಂದರೆಗಳೇ ಹೆಚ್ಚು ಕಾರಣ ಎಂದೂ ಆ ಸಂಘ ಎಚ್ಚರಿಸಿತು. ಅಲ್ಲಿ ಕಚ್ಚುವ, ಹೆದರುವ ನಾಯಿಗೆ ದಯಾಮರಣದ ಚುಚ್ಚುಮದ್ದು. ಇಲ್ಲಿ ರಿಂಗ್ ರಸ್ತೆಯ ಪಕ್ಕ ಕಾರಿನಿಂದ ಇಳಿಸಿ ಹೋಗುವುದು. ಅಂಥ ನಾಯಿಗಳನ್ನು ನೋಡಿದ ಯಾರಿಗೂ ಈ ಹತ್ತು ವಾರದ ಮರಿಯ ವಿಷಯ ಚಿಕ್ಕದೆನಿಸದು.

ನಮ್ಮ ಊರುಗಳಿಗೆ ಈ ಸಲಹೆಯನ್ನು ಎಚ್ಚರದಿಂದ ಹೊಂದಿಸಿಕೊಳ್ಳಬೇಕು. ತರಗತಿ ನಡೆಯುವ ಜಾಗ ಪಾರ್ಕಿನ ಹುಲ್ಲುಹಾಸಾದರೆ ಬೇಡ ಎನ್ನಿ. ಬೀದಿನಾಯಿಗಳು ಓಡಾಡುವ ಮಣ್ಣಿನಲ್ಲಿ ಪಾರ್ವೋ ಜೊತೆಗೆ ಉಣ್ಣೆಯ ಕಾಟವೂ ಇದೆ. ಟೈಲ್ಸ್ ಅಥವಾ ರಬ್ಬರ್ ಹಾಸಿನ ಒಳಾಂಗಣವಾದರೆ ತೊಳೆಯಬಹುದು. ಯಾವುದರಿಂದ ತೊಳೆಯುತ್ತೀರಿ ಎಂದು ನಾಚದೆ ಕೇಳಿ. ಪಾರ್ವೋ ವಿಷಯದಲ್ಲಿ ಫಿನಾಯಿಲ್ ಮೇಲೆ ಭರವಸೆ ಇಡುವಂತಿಲ್ಲ. ಕೊಳೆ ತೆಗೆದ ಮೇಲೆ ಒಂದು ಪಾಲು ಬ್ಲೀಚ್‌ಗೆ 30 ಪಾಲು ನೀರು ಬೆರೆಸಿ ಹತ್ತು ನಿಮಿಷ ನೆನೆಸಿಡಬೇಕು. ಬಾಗಿಲಲ್ಲೇ ಪ್ರತಿ ಮರಿಯ ಲಸಿಕೆ ಕಾರ್ಡ್ ನೋಡುತ್ತಾರೆಯೇ, ಒಬ್ಬ ತರಬೇತುದಾರರಿಗೆ ಐದಾರು ಮರಿಗಿಂತ ಹೆಚ್ಚು ಇಲ್ಲವೇ, ಎಲ್ಲ ಮರಿಗಳೂ ನಾಲ್ಕು ತಿಂಗಳೊಳಗಿನವೇ ಎಂಬುದನ್ನೂ ತಿಳಿದುಕೊಳ್ಳಿ.

ಮರಿಯನ್ನು ಸೇರಿಸುವ ಮೊದಲು ಒಂದು ತರಗತಿಯನ್ನು ಸುಮ್ಮನೆ ಕೂತು ನೋಡಿ. ಗೋಡೆಯ ಮೇಲೆ ಚೋಕ್ ಚೈನ್ ತೂಗುತ್ತಿದ್ದರೆ, "ಯಜಮಾನ ಯಾರೆಂದು ತೋರಿಸಿಕೊಡಬೇಕು" ಎಂಬ ಮಾತು ಕೇಳಿಸಿದರೆ, ಮರಿಯನ್ನು ಅಂಗಾತ ಮಲಗಿಸಿ ಅದುಮಿ ಹಿಡಿಯುವುದು ಕಂಡರೆ ಎದ್ದು ಬನ್ನಿ. "ಒಂದು ತಿಂಗಳು ನಮ್ಮಲ್ಲಿ ಬಿಡಿ, ಕಲಿಸಿ ಕಳಿಸುತ್ತೇವೆ" ಎನ್ನುವವರ ಕೈಗೂ ಈ ವಯಸ್ಸಿನ ಮರಿಯನ್ನು ಕೊಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅದು ಕಲಿಯಬೇಕಿರುವುದು ನಿಮ್ಮ ಜೊತೆ ಬದುಕುವುದನ್ನು. ಮುಚ್ಚಿದ ಗೇಟಿನ ಹಿಂದೆ ಯಾರು ಅದನ್ನು ಹೇಗೆ ನಡೆಸಿಕೊಂಡರೆಂದು ಬಂದು ಹೇಳಲು ಅದಕ್ಕೆ ಬಾಯಿಲ್ಲ.

ಹೊರಡುವ ದಿನ ಹೊಟ್ಟೆ ತುಂಬಿಸಬೇಡಿ. ಹಸಿದ ಮರಿಗೆ ತಿಂಡಿಯ ಆಸೆ ಇರುತ್ತದೆ, ಕಾರಿನಲ್ಲಿ ವಾಂತಿಯೂ ಕಡಿಮೆ. ಉಪ್ಪು ಖಾರ ಹಾಕದೆ ಬೇಯಿಸಿದ ಕೋಳಿ, ಪನೀರ್, ಬೆಂದ ಗೆಣಸು, ಇವನ್ನು ಕಡಲೆಕಾಳಿಗಿಂತ ಚಿಕ್ಕ ಚೂರು ಮಾಡಿ ಡಬ್ಬಿಗೆ ಹಾಕಿಕೊಳ್ಳಿ. ಒಂದು ತರಗತಿಯಲ್ಲಿ ನೂರು ಚೂರು ಖರ್ಚಾದರೂ ಆಶ್ಚರ್ಯವಿಲ್ಲ, ಆ ದಿನದ ಊಟದಲ್ಲಿ ಅಷ್ಟನ್ನು ಇಳಿಸಿದರಾಯಿತು. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಈರುಳ್ಳಿ ನಾಯಿಗೆ ವಿಷ, ಮಕ್ಕಳಿಗೂ ಹೇಳಿಡಿ. ಸರಪಳಿ ಬೇಡ, ಎದೆಗೆ ಕಟ್ಟುವ ಹಾರ್ನೆಸ್ ಮತ್ತು ಐದಾರು ಅಡಿಯ ಬಟ್ಟೆಯ ಲೀಶ್ ಸಾಕು. ಮನೆಯಲ್ಲಿ ಅದು ಮಲಗುವ ಟವೆಲ್ ಜೊತೆಗಿದ್ದರೆ ಹೊಸ ಜಾಗದಲ್ಲಿ ಪರಿಚಿತ ವಾಸನೆಯೊಂದು ಸಿಗುತ್ತದೆ. ಗಾಡಿಯಿಂದ ಇಳಿದು ತರಗತಿಯ ಬಾಗಿಲವರೆಗೆ ಮರಿ ನಿಮ್ಮ ತೋಳಿನಲ್ಲೇ ಇರಲಿ, ನೆಲಕ್ಕೆ ಬಿಡಬೇಡಿ.

ಒಳಗೆ ಹೋದ ಮೊದಲ ಹತ್ತು ನಿಮಿಷ ಏನೂ ನಡೆಯದಂತೆ ಕಾಣುತ್ತದೆ. ಒಳ್ಳೆಯ ತರಬೇತುದಾರರು ಬೇಕೆಂದೇ ಹಾಗೆ ಬಿಡುತ್ತಾರೆ. ಮರಿ ಮೂಸಲಿ, ನೋಡಲಿ. ನೀವು ಮಾಡಬೇಕಾದ ಕೆಲಸ ಒಂದೇ, ಅದು ತಾನಾಗಿ ನಿಮ್ಮತ್ತ ತಿರುಗಿದಾಗಲೆಲ್ಲ ಒಂದು ಚೂರು ಕೊಡುವುದು. ಹೆಸರು ಹಿಡಿದು ಕರೆದು, ತಿರುಗಿ ನೋಡಿದೊಡನೆ ಇನ್ನೊಂದು ಚೂರು. ಮುಂದೆ "ಬಾ" ಎಂದಾಗ ಓಡಿಬರುವ ನಾಯಿ ಬೆಳೆಯುವುದು ಈ ಸಣ್ಣ ಲೇವಾದೇವಿಯಿಂದಲೇ. ಹೆಸರನ್ನು ಗದರಲು ಬಳಸಬಾರದೆಂದು ತರಬೇತುದಾರರು ಮತ್ತೆ ಮತ್ತೆ ಹೇಳುವುದೂ ಇದಕ್ಕೇ.

ಕೂರುವ ಪಾಠದ ರೀತಿ ಹೀಗೆ. ತಿಂಡಿಯನ್ನು ಎರಡು ಬೆರಳ ನಡುವೆ ಹಿಡಿದು ಮರಿಯ ಮೂಗಿಗೆ ತಾಗುವಷ್ಟು ಹತ್ತಿರ ತನ್ನಿ, ಅಲ್ಲಿಂದ ನಿಧಾನವಾಗಿ ನೆತ್ತಿಯ ಮೇಲಿಂದ ಹಿಂದಕ್ಕೆ ಸಾಗಿಸಿ. ಮೂಗು ಮೇಲಕ್ಕೆ ಹೋದಂತೆ ಹಿಂಭಾಗ ತಾನಾಗಿ ಕೆಳಗಿಳಿಯುತ್ತದೆ. ಅದು ನೆಲ ಮುಟ್ಟಿದ ಕ್ಷಣವೇ "ಭೇಷ್" ಎಂದು ತಿಂಡಿ ಕೊಡಿ. ಈ "ಭೇಷ್" ತಡವಾದರೆ ಮರಿ ಎದ್ದು ನಿಂತದ್ದಕ್ಕೆ ಬಹುಮಾನ ಪಡೆದಂತಾಗುತ್ತದೆ. ಕೈ ತುಂಬಾ ಎತ್ತರದಲ್ಲಿದ್ದರೆ ಮರಿ ನೆಗೆಯುತ್ತದೆ, ಅವಸರಪಟ್ಟರೆ ಹಿಂದೆ ಹಿಂದೆ ನಡೆಯುತ್ತದೆ. ಎರಡೂ ಕೈಯ ತಪ್ಪು, ಮರಿಯದಲ್ಲ. ಐದಾರು ಬಾರಿ ಆದ ಮೇಲೆ ಬರಿಗೈಯಲ್ಲಿ ಅದೇ ಸನ್ನೆ, ತಿಂಡಿ ಇನ್ನೊಂದು ಕೈಯಿಂದ. ಮಾತು ಸೇರುವುದು ಎಲ್ಲಕ್ಕಿಂತ ಕೊನೆಗೆ. ಮರಿ ಕೂರುವುದು ಖಚಿತವಾದ ಮೇಲೆ, ಸನ್ನೆಗೆ ಮುಂಚೆ "ಕೂತ್ಕೋ" ಎನ್ನಬೇಕು, ಒಂದೇ ಸಲ. ಅಜ್ಜಿ "ಕೂತ್ಕೋ", ಮಗ "ಸಿಟ್", ಅಪ್ಪ "ಬೈಠೋ" ಎನ್ನುವ ಮನೆಯಲ್ಲಿ ಮರಿ ದಡ್ಡನಂತೆ ಕಾಣುತ್ತದೆ. ಯಾವ ಮಾತಾದರೂ ಸರಿ, ಮನೆಯವರೆಲ್ಲ ಕೂತು ಒಂದನ್ನೇ ನಿಗದಿ ಮಾಡಿಕೊಂಡು ಫ್ರಿಜ್ ಮೇಲೆ ಬರೆದು ಅಂಟಿಸಿ.

ಆಟದ ಹೊತ್ತಿನಲ್ಲಿ ಮಾಲೀಕರು ಫೋನ್ ತೆಗೆದು ವಿಡಿಯೊ ಮಾಡಲು ತೊಡಗುತ್ತಾರೆ; ಇಡೀ ತರಗತಿಯಲ್ಲಿ ಕಣ್ಣು ತೆರೆದು ನೋಡಬೇಕಾದ ಭಾಗ ಇದೇ. ಮುಂಗಾಲು ನೆಲಕ್ಕೆ ಚಾಚಿ ಹಿಂಭಾಗ ಮೇಲೆತ್ತಿದರೆ ಆಟದ ಆಹ್ವಾನ. ಅಟ್ಟಿಸಿಕೊಂಡು ಹೋಗುವವನು, ಓಡುವವನು ಆಗಾಗ ಅದಲುಬದಲಾದರೆ ಆಟ ಚೆನ್ನಾಗಿದೆ. ಒಂದೇ ಮರಿ ಸದಾ ಕೆಳಗೆ ಬಿದ್ದಿದ್ದರೆ ತರಬೇತುದಾರರು ಮೇಲಿನದನ್ನು ಮೆಲ್ಲಗೆ ಹಿಡಿದುಕೊಳ್ಳುತ್ತಾರೆ. ಕೆಳಗಿದ್ದದ್ದು ಮೈ ಕೊಡವಿ ತಾನೇ ಮತ್ತೆ ಹತ್ತಿರ ಬಂದರೆ ಅದಕ್ಕೂ ಆಟ ಬೇಕಿತ್ತು. ದೂರ ಸರಿದರೆ ಸಾಕಾಗಿತ್ತು. ಹಾಲುಹಲ್ಲುಗಳು ಸೂಜಿಯಷ್ಟು ಚೂಪು. ಜೋರಾಗಿ ಕಚ್ಚಿದರೆ ಎದುರಿನ ಮರಿ ಕುಂಯ್ ಎಂದು ಆಟ ನಿಲ್ಲಿಸುತ್ತದೆ. ಬಾಯಿಯ ಬಿಗಿ ಎಷ್ಟಿರಬೇಕೆಂದು ಮರಿ ಕಲಿಯುವುದು ಹೀಗೆ. ನಾಲ್ಕು ತಿಂಗಳಿಗೆ ಹಾಲುಹಲ್ಲು ಬೀಳತೊಡಗಿ ಬಲವಾದ ಹಲ್ಲು ಬರುವ ಮೊದಲೇ ಈ ಪಾಠ ಆಗಿರಬೇಕು.

ನಿಮ್ಮ ಮರಿ ಕುರ್ಚಿಯ ಕೆಳಗೇ ಕುಳಿತಿದ್ದರೆ ಎಳೆದು ತರಬೇಡಿ. ಬಾಲ ಕಾಲಸಂದಿಗೆ ಸೇರಿರುವುದು ಎಲ್ಲರಿಗೂ ಕಾಣುತ್ತದೆ. ನಿದ್ದೆ ಇಲ್ಲದ ಹೊತ್ತಿನಲ್ಲಿ ಆಕಳಿಸುವುದು, ತುಟಿ ನೆಕ್ಕುವುದು, ತಲೆ ಆ ಕಡೆ ತಿರುಗಿಸಿ ಕಣ್ಣಂಚಿನ ಬಿಳಿ ತೋರುವುದು ಕೂಡ ಕಳವಳದ ಗುರುತು. ಮನೆಯಲ್ಲಿ ಕೋಳಿಚೂರಿಗೆ ಜೀವ ಬಿಡುವ ಮರಿ ಇಲ್ಲಿ ಮೂಸಿಯೂ ನೋಡದಿದ್ದರೆ ಅದು ಹಟವಲ್ಲ, ಹೆದರಿಕೆ. ದೂರ ಸರಿದು ಕೂರಿ, ಮೈ ಸವರಿ. ಮುದ್ದಿಸಿದರೆ ಅಂಜುಬುರುಕುತನ ಹೆಚ್ಚುತ್ತದೆ ಎನ್ನುವ ಮಾತನ್ನು ನಂಬಬೇಡಿ. ಮೊದಲ ದಿನ ಅದು ಕುರ್ಚಿಯ ಕೆಳಗಿಂದಲೇ ಇತರರನ್ನು ನೋಡಿ, ಕೊನೆಗೆ ಒಂದು ಚೂರು ತಿಂದರೂ ತರಗತಿ ಗೆದ್ದಂತೆಯೇ. ಲ್ಯಾಬ್ರಡಾರ್ ಮರಿ ಬಾಗಿಲಲ್ಲೇ ಎಲ್ಲರನ್ನೂ ತಬ್ಬಿಕೊಳ್ಳುವುದನ್ನು ಕಂಡು ಬೇಸರಿಸಬೇಡಿ. ಬೀದಿಯಿಂದ ಬಂದ ನಾಡತಳಿಯ ಮರಿಗಳಲ್ಲಿ ಹಲವು ಮೊದಲು ಅಳೆದು ನೋಡಿ ಆಮೇಲೆ ಹತ್ತಿರವಾಗುತ್ತವೆ. ಮುಧೋಳ ಮರಿಯಾದರೆ ಅದರ ಕಣ್ಣು ಅಲುಗಾಡುವುದರ ಬೆನ್ನು ಹತ್ತುತ್ತದೆ. ಬಾಗಲಕೋಟೆ ಸೀಮೆಯ ಬಯಲಿನಲ್ಲಿ ಮೊಲ ಅಟ್ಟಲು ಬೆಳೆಸಿದ ತಳಿಯದು. ಅದನ್ನು ಕಿಟಕಿ ಬಾಗಿಲುಗಳಿಂದ ದೂರದ ಮೂಲೆಯಲ್ಲಿ ಕೂರಿಸಿಕೊಂಡರೆ ಗಮನ ಬೇಗ ಸಿಗುತ್ತದೆ.

ಮನೆಗೆ ಬಂದ ಮೇಲೆ ಮರಿ ಗಂಟೆಗಟ್ಟಲೆ ಮಲಗುತ್ತದೆ, ಎಬ್ಬಿಸಬೇಡಿ. ಮರುದಿನದಿಂದ ಐದೈದು ನಿಮಿಷದಂತೆ ದಿನಕ್ಕೆ ಮೂರು ಸಲ ಅಭ್ಯಾಸ ಸಾಕು. ಕಿವಿ, ಪಾದ, ಬಾಯಿ ಮುಟ್ಟಿ ನೋಡುವುದನ್ನೂ ತಿಂಡಿಯೊಂದಿಗೆ ಸೇರಿಸಿದರೆ ಮುಂದೆ ಉಗುರು ಕತ್ತರಿಸುವಾಗ ನಾಲ್ಕು ಜನ ಹಿಡಿಯಬೇಕಾಗಿಲ್ಲ. ದೀಪಾವಳಿ ದೂರವಿದ್ದರೂ ಪಟಾಕಿಯ ಸದ್ದನ್ನು ಫೋನಿನಲ್ಲಿ ತೀರಾ ಸಣ್ಣಗೆ ಹಾಕಿ ಊಟ ಕೊಡಿ, ದಿನಕ್ಕಿಷ್ಟು ಏರಿಸಿ. ಆರೆಂಟು ತಿಂಗಳ ಹರೆಯದಲ್ಲಿ ಕಲಿತದ್ದನ್ನೆಲ್ಲ ಮರೆತಂತೆ ಆಡುವುದು ಸಹಜ, ಆಗ ಮತ್ತೆ ಮೊದಲಿನಿಂದ, ಅದೇ ತಿಂಡಿ, ಅದೇ ತಾಳ್ಮೆ.

ಹಾಸನ, ಶಿರಸಿ, ಗದಗದಂಥ ಊರಿನಲ್ಲಿ ಇಂಥ ತರಗತಿ ಸಿಗದಿದ್ದರೆ ನೀವೇ ಶುರು ಮಾಡಬಹುದು. ನಿಮ್ಮ ಪಶುವೈದ್ಯರಲ್ಲಿ ಅದೇ ವಯಸ್ಸಿನ ಮರಿಗಳಿರುವ ಎರಡು ಮೂರು ಮನೆಗಳನ್ನು ವಿಚಾರಿಸಿ, ಎಲ್ಲರ ಲಸಿಕೆ ಕಾರ್ಡ್ ನೋಡಿಕೊಳ್ಳಿ. ಬೇರೆ ನಾಯಿ ಹತ್ತದ ತಾರಸಿ ಒಳ್ಳೆಯ ಜಾಗ. ಬಿಸಿಲೇರುವ ಮೊದಲು ಅಥವಾ ಸಂಜೆ ಐದರ ಮೇಲೆ ಸೇರಿ. ಕಾಂಕ್ರೀಟ್ ಮೇಲೆ ನಿಮ್ಮ ಅಂಗೈಯನ್ನು ಐದು ಸೆಕೆಂಡ್ ಇಡಲಾಗದಿದ್ದರೆ ಮರಿಯ ಪಾದಕ್ಕೂ ಆಗದು. ಚಪ್ಪಲಿಗಳು ಮೆಟ್ಟಿಲ ಬಳಿಯೇ ಉಳಿಯಲಿ, ಪ್ರತಿ ಮರಿಯ ನೀರಿನ ಬಟ್ಟಲು ಬೇರೆ ಇರಲಿ. ಅರ್ಧ ಗಂಟೆ ಸಾಕು: ಐದು ನಿಮಿಷ ಆಟ, ಮರಿಯನ್ನು ಹೆಸರು ಹಿಡಿದು ಕರೆದು ಒಂದು ಚೂರು, ಮತ್ತೆ ಆಟಕ್ಕೆ ಬಿಡುವುದು. ಯಾವುದಾದರೂ ಮರಿಗೆ ಭೇದಿಯೋ ವಾಂತಿಯೋ ಕಂಡಿದ್ದರೆ ಆ ವಾರ ಯಾರೂ ಸೇರಬೇಡಿ, ವೈದ್ಯರು ಪಾರ್ವೋ ಅಲ್ಲ ಎಂದ ಮೇಲೆ ಮುಂದುವರಿಸಿ.