ಬೌಲಿಂಗ್ ಚೆಂಡು: ಚಾಂಪಿಯನ್ನರ ಚೆಂಡು ನಿಮಗೇಕೆ ಹೊಂದುವುದಿಲ್ಲ?

ಮಾಲ್‌ನ ಬೌಲಿಂಗ್ ಸೆಂಟರಿನಲ್ಲಿ ಬಾಡಿಗೆ ಶೂ ತೊಟ್ಟು, ರ‍್ಯಾಕ್‌ನಲ್ಲಿರುವ ಬಣ್ಣದ ಚೆಂಡೊಂದನ್ನು ಎತ್ತಿ ಎಸೆಯುವವರು ಅದರ ತೂಕವನ್ನಷ್ಟೇ ನೋಡುತ್ತಾರೆ. ಆಟದ ರುಚಿ ಹತ್ತಿ ಸ್ವಂತ ಚೆಂಡು ಕೊಳ್ಳಲು ಹೊರಟಾಗ ಗೊಂದಲ ಶುರುವಾಗುತ್ತದೆ. ದುಬಾರಿ ಚೆಂಡು ತಂದರೂ ಸ್ಕೋರ್ ಏರದೆ ಇಳಿಯುವುದೂ ಉಂಟು. ಚೆಂಡಿನ ಹೊರಪದರ ಮತ್ತು ಒಳತಿರುಳು ಎಸೆಯುವವರ ಕೈಗೆ ಹೊಂದದಿದ್ದರೆ ಹೀಗಾಗುತ್ತದೆ. ಹೊರಪದರಕ್ಕೆ ಕವರ್‌ಸ್ಟಾಕ್ ಎಂದೂ ತಿರುಳಿಗೆ ಕೋರ್ ಎಂದೂ ಹೆಸರು.

ಮೊದಲು ಲೇನ್ ಬಗ್ಗೆ ತಿಳಿಯೋಣ. ಫೌಲ್ ಲೈನ್‌ನಿಂದ ಮುಂದಿನ ಪಿನ್‌ಗೆ 60 ಅಡಿ. ಅದರಲ್ಲಿ ಮೊದಲ ಸುಮಾರು 40 ಅಡಿಗೆ ತೆಳುವಾಗಿ ಎಣ್ಣೆ ಸವರಿರುತ್ತಾರೆ, ಅದು ಕಣ್ಣಿಗೆ ಸುಲಭವಾಗಿ ಕಾಣುವುದಿಲ್ಲ. ಚೆಂಡು ಎಣ್ಣೆಯ ಮೇಲೆ ಜಾರುತ್ತದೆ, ಒಣ ಭಾಗ ಸಿಕ್ಕಾಗ ಹಿಡಿತ ಪಡೆದು ತಿರುಗುತ್ತದೆ. ಈ ತಿರುವೇ ಹುಕ್. ಸುಮಾರು 6 ಡಿಗ್ರಿ ಕೋನದಲ್ಲಿ ಪಿನ್‌ಗಳ ನಡುವೆ ನುಗ್ಗಿದರೆ ಸ್ಟ್ರೈಕ್ ಸಾಧ್ಯತೆ ಹೆಚ್ಚು. ನೇರ ಹೋಗುವ ಚೆಂಡಿಗೆ ಅಷ್ಟು ಕೋನ ಸಿಗುವುದೇ ಇಲ್ಲ.

ಎಷ್ಟು ಬೇಗ ಹಿಡಿತ ಸಿಗಬೇಕು ಎಂಬುದನ್ನು ಹೆಚ್ಚಾಗಿ ನಿರ್ಧರಿಸುವುದು ಹೊರಪದರ. ಬಾಡಿಗೆಯ ಚೆಂಡುಗಳು ಸಾಮಾನ್ಯವಾಗಿ ಪಾಲಿಯೆಸ್ಟರ್, ಅಂದರೆ ಪ್ಲಾಸ್ಟಿಕ್. ಅವು ಹೆಚ್ಚೇನೂ ತಿರುಗದೆ ನೇರ ಸಾಗುತ್ತವೆ. ಯುರೆಥೇನ್ ಬೇಗನೆ ಹಿಡಿದು, ನಿಧಾನವಾಗಿ ಬಾಗುತ್ತದೆ. 1990ರ ದಶಕದ ಆರಂಭದಲ್ಲಿ ಬಂದ ರಿಯಾಕ್ಟಿವ್ ರೆಸಿನ್ ಆಟದ ಚಹರೆಯನ್ನೇ ಬದಲಿಸಿತು. ಅದರ ಮೇಲ್ಮೈಯ ಸೂಕ್ಷ್ಮ ರಂಧ್ರಗಳು ಎಣ್ಣೆ ಹೀರಿಕೊಳ್ಳುವುದರಿಂದ ಒಣ ಭಾಗದಲ್ಲಿ ತಿರುವು ಜೋರಾಗಿರುತ್ತದೆ. ಇದರಲ್ಲೂ ‘ಸಾಲಿಡ್’ ಬೇಗ ಹಿಡಿದರೆ, ‘ಪರ್ಲ್’ ದೂರ ಜಾರಿ ಕೊನೆಯಲ್ಲಿ ಚುರುಕಾಗಿ ತಿರುಗುತ್ತದೆ.

ತಿರುಳಿನ ಕೆಲಸ ತುಸು ಸೂಕ್ಷ್ಮ. ತೂಕ ಕೇಂದ್ರದ ಹತ್ತಿರವಿದ್ದರೆ ಚೆಂಡು ಬೇಗ ಉರುಳಲು ತೊಡಗುತ್ತದೆ, ಅಂಚಿನ ಕಡೆ ಹರಡಿದ್ದರೆ ತಡವಾಗಿ. ಇದರ ಅಳತೆಯನ್ನು ‘ಆರ್‌ಜಿ’ ಎನ್ನುತ್ತಾರೆ. ಅಮೆರಿಕದ ನಿಯಂತ್ರಣ ಸಂಸ್ಥೆ ಯುಎಸ್‌ಬಿಸಿ ನಿಯಮದಂತೆ ಇದು 2.46ರಿಂದ 2.80 ಇಂಚಿನ ಒಳಗಿರಬೇಕು. ಇನ್ನೊಂದು ಅಳತೆ ‘ಡಿಫರೆನ್ಷಿಯಲ್’, ಅದರ ಗರಿಷ್ಠ ಮಿತಿ 0.060. ಇದು ಹೆಚ್ಚಿದ್ದಷ್ಟೂ ಉರುಳುವಾಗ ಚೆಂಡಿನ ಅಕ್ಷ ಸರಿಯುತ್ತಾ, ಪ್ರತಿ ಸುತ್ತಿಗೂ ಎಣ್ಣೆ ತಾಗದ ಹೊಸ ಭಾಗ ಲೇನ್‌ಗೆ ತಾಗುತ್ತದೆ. ಹಿಡಿತ ಹೆಚ್ಚುವುದು ಹೀಗೆ.

ಇನ್ನು ಬೌಲರ್ ವಿಷಯ. ಚೆಂಡನ್ನು ವೇಗವಾಗಿ ಎಸೆದು, ಕಡಿಮೆ ತಿರುಗಿಸುವವರಿಗೆ ಹಿಡಿತವೇ ಸಿಗುವುದಿಲ್ಲ. ಸಾಲಿಡ್ ರಿಯಾಕ್ಟಿವ್ ಕವರ್, ಕಡಿಮೆ ಆರ್‌ಜಿ ಇರುವ ಕೋರ್ ಇಂಥವರಿಗೆ ನೆರವಾಗುತ್ತದೆ. ಕೈಚಳಕದಿಂದ ಗಿರ್ರನೆ ತಿರುಗಿಸಿ, ನಿಧಾನವಾಗಿ ಬಿಡುವವರು ಇದೇ ಚೆಂಡು ಹಿಡಿದರೆ ಅದು ಬೇಗನೆ ಬಾಗಿ, ಪಿನ್ ತಲುಪುವ ಹೊತ್ತಿಗೆ ಶಕ್ತಿ ಕಳೆದುಕೊಂಡಿರುತ್ತದೆ. ಅವರಿಗೆ ಪಾಲಿಶ್ ಮಾಡಿದ ಪರ್ಲ್, ಹೆಚ್ಚಿನ ಆರ್‌ಜಿ ಒಳ್ಳೆಯದು. ಆಸ್ಟ್ರೇಲಿಯಾದ ಜೇಸನ್ ಬೆಲ್ಮಾಂಟೆ ಎರಡು ಕೈಯಲ್ಲಿ, ಹೆಬ್ಬೆರಳು ರಂಧ್ರಕ್ಕೆ ಹಾಕದೆ ಎಸೆಯುತ್ತಾರೆ. ಆ ಮಟ್ಟದ ತಿರುಗಣೆಗೆ ಒಪ್ಪುವ ಚೆಂಡು ಸಾಧಾರಣ ವಾರಾಂತ್ಯದ ಆಟಗಾರನ ಕೈಯಲ್ಲಿ ಹಾಗೆಯೇ ವರ್ತಿಸೀತು ಎಂದು ನಿರೀಕ್ಷಿಸುವುದು ತಪ್ಪು.

ಮೊದಲ ಚೆಂಡಿಗೆ ಮಧ್ಯಮ ಶಕ್ತಿಯ ರಿಯಾಕ್ಟಿವ್ ಕವರ್, ಸರಳವಾದ ಸಮರೂಪದ ಕೋರ್ ಸಾಕು. ಬದಿಯಲ್ಲಿ ಉಳಿದ ಒಂಟಿ ಪಿನ್ ಕೆಡವಲು ಅನುಭವಿಗಳು ಈಗಲೂ ಪ್ಲಾಸ್ಟಿಕ್ ಚೆಂಡನ್ನೇ ತೆಗೆಯುತ್ತಾರೆ. ಎಣ್ಣೆಯ ಏರುಪೇರು ಅದನ್ನು ಅಷ್ಟಾಗಿ ತಟ್ಟುವುದಿಲ್ಲ.

ಹೊಸದಕ್ಕೆ ಮತ್ತೆ ದುಡ್ಡು ಸುರಿಯುವ ಮುನ್ನ ಇರುವ ಚೆಂಡಿನ ಮೇಲ್ಮೈ ನೋಡಿ. 500 ಗ್ರಿಟ್ ಪ್ಯಾಡ್‌ನಿಂದ ಉಜ್ಜಿದರೆ ಅದು ಬೇಗ ಹಿಡಿಯುತ್ತದೆ, 4000 ಗ್ರಿಟ್‌ನಿಂದ ನುಣುಪು ಮಾಡಿದರೆ ದೂರ ಜಾರುತ್ತದೆ. ಅಧಿಕೃತ ಸ್ಪರ್ಧೆಗಳಲ್ಲಿ ಆಟ ಆರಂಭವಾದ ಮೇಲೆ ಉಜ್ಜುವಂತಿಲ್ಲ. ರಿಯಾಕ್ಟಿವ್ ಚೆಂಡನ್ನು ಪ್ರತಿ ಆಟದ ನಂತರ ಒರೆಸಿ, ಕ್ಲೀನರ್ ಹಚ್ಚಿಡಬೇಕು. ಎಣ್ಣೆ ಕುಡಿದು ಕುಡಿದು ಅದರ ಹಿಡಿತ ಸತ್ತಿದ್ದರೂ ‘ಈಚೆಗೆ ಕೈ ಸರಿಯಿಲ್ಲ’ ಎಂದುಕೊಳ್ಳುವವರೇ ಹೆಚ್ಚು.