ಹಾಸುಹೊಕ್ಕಿನಲ್ಲೇ ಇದೆ ಕಂಪ್ಯೂಟರ್ ಪಾಠ

ಪರೀಕ್ಷೆಯ ಫಲಿತಾಂಶ ಬಂತೆಂದರೆ ಸಾಕು, ಬಾಗಲಕೋಟೆ ಜಿಲ್ಲೆಯ ಬೇವೂರಿನಂಥ ಊರುಗಳಲ್ಲೂ ಪಾಲಕರು ಮಾಸ್ತರರನ್ನು ಕೇಳುವ ಪ್ರಶ್ನೆ ಒಂದೇ: 'ಹುಡುಗನ್ನ ಕಂಪ್ಯೂಟರಿಗೆ ಹಚ್ಚೋಣೇನ್ರಿ? ಯಾವ ಕೋರ್ಸು ಛಲೋ?' ಜೋಳ ಮಾರಿದ ದುಡ್ಡು, ಮಗ್ಗದ ಕೂಲಿಯಲ್ಲಿ ಉಳಿಸಿದ ದುಡ್ಡು ಶುಲ್ಕವಾಗಿ ಹೋಗುವ ಹೊತ್ತು ಅದು. ಆದ್ದರಿಂದ ಉತ್ತರವನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು.

1990ರ ದಶಕದಲ್ಲಿ ಪಟ್ಟಣದ ಕಂಪ್ಯೂಟರ್ ಕೇಂದ್ರಗಳು ವರ್ಡ್‌ಸ್ಟಾರ್, ಲೋಟಸ್, ಡಿಬೇಸ್ ಕಲಿಸುತ್ತಿದ್ದವು. ಇಂದು ಅವನ್ನು ಕೇಳುವವರಿಲ್ಲ. ಆದರೆ ಆ ಕಾಲದಲ್ಲಿ ಮೂಲತತ್ತ್ವಗಳನ್ನು ಕಲಿತವರ ವಿದ್ಯೆ ಹಳತಾಗಲಿಲ್ಲ. ಆ ತತ್ತ್ವಗಳೇನು? ಅವುಗಳನ್ನು ತಿಳಿಯಲು ದೂರ ಹೋಗಬೇಕಿಲ್ಲ. ಇಳಕಲ್ಲಿನ ಮಗ್ಗದ ಮುಂದೆ ಕುಳಿತರೂ ಆದೀತು.

ಮೇಲೆ ಅಥವಾ ಕೆಳಗೆ

ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತ ನೇಕಾರ ತುಳಿಗೆ ತುಳಿದಾಗ ಹಾಸಿನ ಕೆಲವು ಎಳೆಗಳು ಮೇಲೇಳುತ್ತವೆ, ಉಳಿದವು ಕೆಳಗಿರುತ್ತವೆ. ನಡುವೆ ಲಾಳಿ ಓಡುತ್ತದೆ, ಹೊಕ್ಕು ಬೀಳುತ್ತದೆ. ಪ್ರತಿ ಎಳೆಗೂ ಎರಡೇ ಸ್ಥಿತಿ: ಮೇಲೆ ಅಥವಾ ಕೆಳಗೆ. ಕಂಪ್ಯೂಟರಿನ 1 ಮತ್ತು 0 ಅಂದರೆ ಇದೇ.

ಇದು ಬರಿಯ ಹೋಲಿಕೆಯಲ್ಲ, ಇತಿಹಾಸ. ಫ್ರಾನ್ಸಿನ ಜಾಕಾರ್ಡ್ 1804ರ ಸುಮಾರಿಗೆ ರೂಪಿಸಿದ ಮಗ್ಗದಲ್ಲಿ ರಟ್ಟಿನ ಹಾಳೆಗಳಿದ್ದವು. ರಂಧ್ರವಿದ್ದಲ್ಲಿ ಎಳೆ ಏಳುತ್ತಿತ್ತು, ಇಲ್ಲದಲ್ಲಿ ಏಳುತ್ತಿರಲಿಲ್ಲ. ಹಾಳೆ ಬದಲಿಸಿದರೆ ಅದೇ ಮಗ್ಗ ಬೇರೆ ಹೂವು ನೇಯುತ್ತಿತ್ತು. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ 1830ರ ದಶಕದಲ್ಲಿ ತನ್ನ ಗಣಕಯಂತ್ರದ ಯೋಜನೆಗೆ ಈ ರಟ್ಟನ್ನೇ ಎರವಲು ಪಡೆದ. ಯಂತ್ರ ಒಂದೇ, ಆಜ್ಞೆ ಬೇರೆ: ಪ್ರೋಗ್ರಾಮಿನ ತಿರುಳು ಇಷ್ಟೇ.

ಅಕ್ಷರಗಳೂ ಹೀಗೆಯೇ ಸಂಖ್ಯೆಯಾಗುತ್ತವೆ. ಜಗತ್ತಿನ ಲಿಪಿಗಳಿಗೆ ಸಂಖ್ಯೆ ಹಂಚುವ ಯೂನಿಕೋಡ್ ಪದ್ಧತಿಯಲ್ಲಿ ಬೇವೂರಿನ 'ಬ' ಅಕ್ಷರಕ್ಕೆ 3244 ಎಂಬ ಸಂಖ್ಯೆ. ಎರಡೇ ಅಂಕಿಗಳಲ್ಲಿ ಬರೆದರೆ 110010101100. ಹನ್ನೆರಡು ಎಳೆಗಳಲ್ಲಿ ಯಾವುದು ಮೇಲೆ, ಯಾವುದು ಕೆಳಗೆ ಎಂದು ಹೇಳಿದಂತಾಯಿತು.

ಹುಡುಕುವ ಜಾಣತನ

ಶಾಲೆಯ ದಾಖಲೆ ಪುಸ್ತಕದಲ್ಲಿ 1000 ಹೆಸರುಗಳು ಅಕಾರಾದಿಯಾಗಿವೆ ಎನ್ನಿ. ಮೊದಲಿನಿಂದ ನೋಡುತ್ತ ಹೋದರೆ 1000 ಸಲವೂ ನೋಡಬೇಕಾದೀತು. ನಡುವಿನ ಹೆಸರು ತೆರೆದು, ಬೇಡದ ಅರ್ಧವನ್ನು ಬಿಟ್ಟು, ಉಳಿದ ಅರ್ಧದಲ್ಲಿ ಮತ್ತೆ ಹಾಗೆಯೇ ಮಾಡಿದರೆ ಹತ್ತೇ ನೋಟಕ್ಕೆ ಸಿಗುತ್ತದೆ. ಹೆಸರುಗಳು ಹತ್ತು ಲಕ್ಷವಾದರೂ ಇಪ್ಪತ್ತು ನೋಟ ಸಾಕು. ಹೀಗೆ ಹಂತ ಹಂತವಾಗಿ ಬರೆದಿಟ್ಟ ಕ್ರಮಕ್ಕೆ ಅಲ್ಗಾರಿದಮ್ ಎನ್ನುತ್ತಾರೆ. ಯಂತ್ರದ ವೇಗಕ್ಕಿಂತ ಕ್ರಮದ ಜಾಣತನ ದೊಡ್ಡದು. ಇದನ್ನು ಕಾಗದದ ಚೀಟಿಗಳಲ್ಲೇ ಆಡಿ ನೋಡಬಹುದು.

ಹನ್ನೆರಡು ಲಕೋಟೆಗಳು

ಬೇವೂರಿನಿಂದ ಬೆಂಗಳೂರಿಗೆ 12 ಪುಟಗಳ ಪತ್ರ ಕಳಿಸಬೇಕು. ಒಂದೊಂದು ಪುಟವನ್ನೂ ಒಂದೊಂದು ಲಕೋಟೆಯಲ್ಲಿಟ್ಟು, ಮೇಲೆ ಇಬ್ಬರ ವಿಳಾಸ ಹಾಗೂ ಪುಟಸಂಖ್ಯೆ ಬರೆಯಿರಿ. ಕೆಲವು ಹುಬ್ಬಳ್ಳಿಯ ಮೇಲೆ ಹೋಗಲಿ, ಕೆಲವು ಇಳಕಲ್-ಚಿತ್ರದುರ್ಗದ ಮೇಲೆ. ಹಿಂದುಮುಂದಾಗಿ ತಲುಪಿದರೂ ಚಿಂತೆಯಿಲ್ಲ, ಸಂಖ್ಯೆ ನೋಡಿ ಜೋಡಿಸಬಹುದು. ಏಳನೆಯ ಪುಟ 'ಮುಟ್ಟಿತು' ಎಂಬ ಉತ್ತರ ಬಾರದಿದ್ದರೆ ಅದೊಂದನ್ನೇ ಮತ್ತೆ ಕಳಿಸಿದರಾಯಿತು. ಒಂದು ದಾರಿ ಕೆಟ್ಟರೂ ಪತ್ರ ನಿಲ್ಲುವುದಿಲ್ಲ. ಇಂಟರ್‌ನೆಟ್ ನಿಂತಿರುವುದು ಈ ಉಪಾಯದ ಮೇಲೆ. ಎರಡೂ ಕಡೆಯವರು ಒಪ್ಪಿದ ಇಂಥ ನಿಯಮಗಳಿಗೆ ಪ್ರೊಟೊಕಾಲ್ ಎಂದು ಹೆಸರು.

ಇದರ ಆರಂಭವೂ ಎಡವಿಯೇ ಆಯಿತು. 1969ರ ಅಕ್ಟೋಬರ್ 29ರಂದು ಅಮೆರಿಕದ ಎರಡು ಸಂಸ್ಥೆಗಳ ಕಂಪ್ಯೂಟರುಗಳ ನಡುವೆ 'ಲಾಗಿನ್' ಎಂಬ ಪದ ಕಳಿಸಹೊರಟರು. ಎರಡು ಅಕ್ಷರ ದಾಟುವಷ್ಟರಲ್ಲಿ ಯಂತ್ರ ಕೈಕೊಟ್ಟಿತು! ಭಾರತದ ಸಾರ್ವಜನಿಕರಿಗೆ ಇಂಟರ್‌ನೆಟ್ ಸೇವೆ ದೊರೆತದ್ದು 1995ರ ಆಗಸ್ಟ್ 15ರಿಂದ.

ತೋಪು ತೆನಿಯ ಪಾಠ

ಇಳಕಲ್ ಸೀರೆಯ ವೈಶಿಷ್ಟ್ಯ ಗೊತ್ತಲ್ಲ? ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಬೇರೆಬೇರೆಯಾಗಿ ಸಿದ್ಧಪಡಿಸಿದ ಎರಡನ್ನೂ ಕೊಂಡಿಯಂತೆ ಕೂಡಿಸುತ್ತಾರೆ. ಇದೇ ತೋಪು ತೆನಿ. ದೊಡ್ಡ ಸಾಫ್ಟ್‌ವೇರನ್ನೂ ಹೀಗೆಯೇ ಭಾಗ ಮಾಡಿ, ಬೇರೆಬೇರೆ ತಂಡಗಳು ಬರೆದು, ಕೊನೆಗೆ ಕೂಡಿಸುತ್ತವೆ. ಜಾಣತನವೆಲ್ಲ ಕೂಡುವ ಜಾಗದಲ್ಲಿದೆ.

ಅಲ್ಲಿ ತಪ್ಪಿದರೆ ಏನಾಗುತ್ತದೆ? 1999ರ ಸೆಪ್ಟೆಂಬರಿನಲ್ಲಿ ಅಮೆರಿಕದ 'ಮಾರ್ಸ್ ಕ್ಲೈಮೇಟ್ ಆರ್ಬಿಟರ್' ನೌಕೆ ಮಂಗಳ ಗ್ರಹದ ಬಳಿ ನಾಶವಾಯಿತು. ಒಂದು ತಂಡದ ಸಾಫ್ಟ್‌ವೇರ್ ಪೌಂಡ್ ಲೆಕ್ಕದಲ್ಲಿ ಅಂಕಿ ಕೊಟ್ಟರೆ, ಇನ್ನೊಂದು ಅದನ್ನು ನ್ಯೂಟನ್ ಎಂದು ಓದಿತ್ತು. ಎರಡೂ ಭಾಗಗಳು ತಮ್ಮಷ್ಟಕ್ಕೆ ಸರಿಯೇ. ಕೊಂಡಿ ಕೂಡಿರಲಿಲ್ಲ, ಅದನ್ನು ಪರೀಕ್ಷಿಸಿಯೂ ಇರಲಿಲ್ಲ.

ಪಾಲಕರಿಗೆ ಎರಡು ಮಾತು

ಶುಲ್ಕ ಕಟ್ಟುವ ಮುನ್ನ ಕೇಳಿ: 'ಇಲ್ಲಿ ಗುಂಡಿ ಒತ್ತುವುದನ್ನಷ್ಟೇ ಕಲಿಸುತ್ತೀರೋ, ಒತ್ತಿದಾಗ ಒಳಗೆ ಏನಾಗುತ್ತದೆ ಎಂಬುದನ್ನೂ ಹೇಳುತ್ತೀರೋ?' ಮಕ್ಕಳ ಗಣಿತ ಗಟ್ಟಿಯಿದೆಯೇ ನೋಡಿ. ಒಂದು ಕೆಲಸವನ್ನು ಹಂತ ಹಂತವಾಗಿ, ಸ್ವಚ್ಛ ಕನ್ನಡದಲ್ಲಿ ಬರೆಯಲು ಹಚ್ಚಿ. ಬರೆಯಲು ಬಂದರೆ ಪ್ರೋಗ್ರಾಮಿನ ಅರ್ಧ ದಾರಿ ನಡೆದಂತೆ.

ವಿದ್ಯಾರ್ಥಿ ಮಿತ್ರರೇ, ಮನೆಯಲ್ಲಿ ಕಂಪ್ಯೂಟರ್ ಇಲ್ಲವೆಂದು ಅಳುಕಬೇಡಿ. ಬ್ಯಾಬೇಜನ ಆ ಯಂತ್ರ ಅವನ ಜೀವಿತಕಾಲದಲ್ಲಿ ಪೂರ್ತಿಯಾಗಲೇ ಇಲ್ಲ. ಆದರೂ ಅದಕ್ಕಾಗಿ ಅಡಾ ಲವ್‌ಲೇಸ್ 1843ರಲ್ಲಿ ಕಾಗದದ ಮೇಲೆ ಬರೆದ ಲೆಕ್ಕದ ಕ್ರಮವನ್ನು ಜಗತ್ತು ಇಂದಿಗೂ ನೆನೆಯುತ್ತದೆ. ನಿಮ್ಮ ಬಳಿಯೂ ಕಾಗದವಿದೆ, ಪೆನ್ಸಿಲ್ಲಿದೆ. ಇಂದೇ ಚೀಟಿಗಳಲ್ಲಿ ಹೆಸರು ಬರೆದು ಹುಡುಕಿ ನೋಡಿ.