ಹಾಲು, ಹೆಪ್ಪು ಮತ್ತು ಮನುಷ್ಯನ ಒಡಲು

ಮಾನವ ವಿಕಾಸದ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಒಂದು ಕ್ರಮವನ್ನು ಅನುಸರಿಸುತ್ತಾರೆ. ಮೊದಲು ದೇಹ ಸಿದ್ಧವಾಯಿತು: ಬೆನ್ನು ನೆಟ್ಟಗಾಯಿತು, ಕೈಗಳು ಬಿಡುವಾದವು, ಮೆದುಳು ಬೆಳೆಯಿತು. ಆ ಬಳಿಕ ಮನಸ್ಸು ಅರಳಿತು. ಕಟ್ಟಕಡೆಗೆ, ಮನೆ ಕಟ್ಟಿ ಮುಗಿದ ಮೇಲೆ ಗೋಡೆಗೆ ಚಿತ್ತಾರ ಬರೆದಂತೆ, ಸಂಸ್ಕೃತಿ ಬಂದಿತು. ಕೇಳುವುದಕ್ಕೆ ಹಿತವಾದ ಕಥೆಯೇನೋ ಹೌದು. ಆದರೆ ಒಂದು ಲೋಟ ಹಾಲು ಈ ಕ್ರಮವನ್ನು ತಲೆಕೆಳಗು ಮಾಡಬಲ್ಲುದು.

ಹಾಲಿನಲ್ಲಿರುವ ಸಕ್ಕರೆಗೆ ಲ್ಯಾಕ್ಟೋಸ್ ಎಂದು ಹೆಸರು. ಅದನ್ನು ಒಡೆಯಲು ಸಣ್ಣ ಕರುಳಿನಲ್ಲಿ ಲ್ಯಾಕ್ಟೇಸ್ ಎಂಬ ಕಿಣ್ವ ಬೇಕು. ಕರುವಾಗಲಿ ಮಗುವಾಗಲಿ, ಮೊಲೆ ಬಿಡಿಸಿದ ಮೇಲೆ ಈ ಕಿಣ್ವದ ಉತ್ಪತ್ತಿ ಇಳಿಯುತ್ತ ಹೋಗುವುದು ಸಸ್ತನಿಗಳ ಸಾಮಾನ್ಯ ನಿಯಮ. ಇಂದಿಗೂ ಜಗತ್ತಿನ ವಯಸ್ಕರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನರ ಸ್ಥಿತಿ ಇದೇ. ಅಂಥವರು ಹಾಲನ್ನು ಹೆಚ್ಚಾಗಿ ಕುಡಿದರೆ ಹೊಟ್ಟೆಯುಬ್ಬರ, ಭೇದಿಗಳು ಕಾಣಿಸಿಕೊಳ್ಳಬಹುದು. ದೊಡ್ಡವನಾದ ಮೇಲೂ ಹಾಲನ್ನು ನಿಶ್ಚಿಂತೆಯಿಂದ ಅರಗಿಸಿಕೊಳ್ಳಬಲ್ಲವನೇ ಅಪವಾದ.

ಈ ಅಪವಾದ ಹುಟ್ಟಿದುದು ಹೇಗೆ? ಮನುಷ್ಯ ದನಕುರಿಗಳನ್ನು ಪಳಗಿಸತೊಡಗಿ ಸುಮಾರು 10,000 ವರ್ಷಗಳಾದುವು. ತುರ್ಕಿಯ ವಾಯವ್ಯ ಭಾಗದಲ್ಲಿ ದೊರೆತ, ಸುಮಾರು 9,000 ವರ್ಷಗಳಷ್ಟು ಹಳೆಯ ಮಡಕೆಚೂರುಗಳಲ್ಲಿ ಹಾಲಿನ ಜಿಡ್ಡು ಇಂಗಿರುವುದನ್ನು ರಸಾಯನಶಾಸ್ತ್ರಜ್ಞರು ಗುರುತಿಸಿದ್ದಾರೆ. ಆದರೆ ಯುರೋಪಿನ ಪ್ರಾಚೀನ ಎಲುಬುಗಳನ್ನು ಪರೀಕ್ಷಿಸಿದಾಗ, ಹಾಲನ್ನು ಅರಗಿಸುವ ವಂಶವಾಹಿಯ ಮಾರ್ಪಾಡು ಅಲ್ಲಿ ಸಾಮಾನ್ಯವಾದುದು ಈಗ್ಗೆ ಸುಮಾರು 3,000 ವರ್ಷಗಳ ಹಿಂದೆ ಮಾತ್ರ ಎಂದು ತಿಳಿದುಬಂತು. ಅಂದರೆ, ಹಾಲನ್ನು ಒಲ್ಲದ ಒಡಲನ್ನು ಹೊತ್ತೇ ಜನ ಸಾವಿರಾರು ವರ್ಷ ಹಾಲಿನೊಡನೆ ಬಾಳಿದ್ದರು!

ಇಲ್ಲಿ ನೆರವಿಗೆ ಬಂದುದು ಹೆಪ್ಪು. ಹಾಲು ಹುಳಿಯಾಗುವಾಗ ಸೂಕ್ಷ್ಮಜೀವಿಗಳು ಅದರ ಸಕ್ಕರೆಯ ಒಂದು ಪಾಲನ್ನು ತಿಂದುಬಿಡುತ್ತವೆ; ಗಿಣ್ಣವನ್ನು ಸೋಸಿ ತೆಗೆದರೆ ಇನ್ನಷ್ಟು ಸಕ್ಕರೆ ನೀರಿನೊಡನೆ ಬಸಿದುಹೋಗುತ್ತದೆ. ಪೋಲೆಂಡಿನಲ್ಲಿ ಸಿಕ್ಕಿದ, ಸುಮಾರು 7,000 ವರ್ಷ ಹಳೆಯ ತೂತುಮಡಕೆಗಳು ಇಂಥ ಜರಡಿಗಳೇ ಎಂದು 2012ರಲ್ಲಿ ತೋರಿಸಲಾಯಿತು. ಕರುಳಿನ ಕೆಲಸವನ್ನು ಮಡಕೆ ವಹಿಸಿಕೊಂಡಿತು. ಅದರ ಹಿಂದೆ ಮನಸ್ಸಿನ ದುಡಿಮೆಯೂ ಉಂಟು: ಇಂದೇ ಕೊಂದು ತಿನ್ನಬಹುದಾದ ಪ್ರಾಣಿಯನ್ನು ನಾಳೆಗಾಗಿ ಉಳಿಸಬೇಕು, ಕರುವನ್ನು ಕೆಚ್ಚಲಿಗೆ ಬಿಟ್ಟು, ಹಾಲಿಳಿದೊಡನೆ ಎಳೆದು ಕಟ್ಟಿ ಕರೆಯಬೇಕು, ಹುಳಿಯಾದುದನ್ನು ಕೆಟ್ಟಿತೆಂದು ಚೆಲ್ಲದೆ ರುಚಿ ನೋಡುವ ಧೈರ್ಯ ಬೇಕು, ಇಷ್ಟನ್ನೂ ಮಗಳಿಗೆ ಕಲಿಸಬೇಕು. ಕಲ್ಲಿನ ಕೊಡಲಿಯನ್ನು ಹೊಗಳುವ ನಮ್ಮ ಇತಿಹಾಸಕಾರರು ಹೆಪ್ಪಿನ ಕುಡಿಕೆಯನ್ನು ಅಷ್ಟಾಗಿ ಗಮನಿಸಿಲ್ಲ.

ಹೀಗೆ ಹಾಲು ಬಾಳಿನ ಅಂಗವಾದ ಮೇಲೆಯೇ ಒಡಲು ಬದಲಾಗಲು ಅವಕಾಶ ಒದಗಿತು. ಬರಗಾಲದಲ್ಲಿ, ರೋಗರುಜಿನಗಳ ನಡುವೆ, ಭೇದಿಯಿಂದ ಸೊರಗದೆ ಹಾಲು ಕುಡಿಯಬಲ್ಲವರು ಹೆಚ್ಚಾಗಿ ಬದುಕುಳಿದಿರಬೇಕೆಂದು 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ವಾದಿಸುತ್ತದೆ. ಹಾಗೆಂದು ಪದ್ಧತಿ ಬಂದೊಡನೆ ಒಡಲು ಬದಲಾಗಲೇಬೇಕೆಂದಿಲ್ಲ. ಮಂಗೋಲಿಯದ ಬಹುಪಾಲು ವಯಸ್ಕರಲ್ಲಿ ಈ ಮಾರ್ಪಾಡು ಇಲ್ಲ. ಕುದುರೆಯ ಹಾಲನ್ನೂ ಬಿಡದೆ ಹುಳಿ ಬರಿಸಿ ಅವರು ಸೊಗಸಾಗಿ ಬಾಳಿದ್ದಾರೆ.

ನಮ್ಮ ದೇಶದಲ್ಲಿಯೂ ಈ ಮಾರ್ಪಾಡು ವಾಯವ್ಯದಲ್ಲಿ ಹೆಚ್ಚು, ದಕ್ಷಿಣಕ್ಕೂ ಪೂರ್ವಕ್ಕೂ ಬಂದಂತೆ ಕಡಿಮೆ. ಆದರೆ ದಕ್ಷಿಣದವರಿಗೆ ದನಗಳ ನಂಟು ಹೊಸದಲ್ಲ. ಸುರಪುರ ಸೀಮೆಯ ಬೂದಿಹಾಳ ಮೊದಲಾದೆಡೆಯ ಬೂದಿದಿಬ್ಬಗಳು ನವಶಿಲಾಯುಗದ ದನಗಾಹಿಗಳು ಸಗಣಿಯ ರಾಶಿಗಳನ್ನು ಮತ್ತೆ ಮತ್ತೆ ಸುಟ್ಟುದರ ಫಲ. ಉರುವಲೂ ಗೊಬ್ಬರವೂ ಆಗಬಹುದಾದುದನ್ನು ಹಾಗೆ ಸುಡುವುದು ಹೊಟ್ಟೆಯ ಅಗತ್ಯವಂತೂ ಅಲ್ಲ.

ಇಷ್ಟು ತಿಳಿದ ಮೇಲೆ 1966ರ ಒಂದು ವೈದ್ಯಕೀಯ ಪ್ರಬಂಧವನ್ನು ನೆನೆಯಬೇಕು. ಅಮೆರಿಕದ ಬಾಲ್ಟಿಮೋರಿನ ವೈದ್ಯರಿಬ್ಬರು ಕರಿಯರಲ್ಲಿ ಲ್ಯಾಕ್ಟೇಸಿನ ‘ಕೊರತೆ’ ಬಿಳಿಯರಲ್ಲಿರುವುದಕ್ಕಿಂತ ಹೆಚ್ಚೆಂದು ಕಂಡು, ಅದನ್ನು ಜನಾಂಗದ ವ್ಯತ್ಯಾಸವೆಂದು ಕರೆದರು. ಅವರ ಎಣಿಕೆ ತಪ್ಪಲ್ಲ. ಅಳತೆಗೋಲು ಮಾತ್ರ ಬಿಳಿಯರ ಕರುಳು. ಮನುಕುಲದ ಬಹುಪಾಲು ಜನರ ಸಹಜ ಸ್ಥಿತಿಗೆ ಕೊರತೆಯೆಂಬ ಹೆಸರು ಅಂಟಿಕೊಂಡಿತು. 2002ರಲ್ಲಿ ಫಿನ್ಲೆಂಡಿನ ವಿಜ್ಞಾನಿಗಳು ತಮ್ಮ ಜನರಲ್ಲಿ ಆ ಮಾರ್ಪಾಡನ್ನು ಪತ್ತೆಹಚ್ಚಿದರು. 2007ರಲ್ಲಿ ಟಾಂಜಾನಿಯ, ಕೀನ್ಯ, ಸುಡಾನುಗಳ ಜನರಲ್ಲಿ ಅದೇ ಶಕ್ತಿಯನ್ನು ಕೊಡುವ ಬೇರೆ ಮಾರ್ಪಾಡುಗಳು ದೊರೆತುವು. ಅವು ಅಲ್ಲಿಯೇ ಸ್ವತಂತ್ರವಾಗಿ ಹುಟ್ಟಿದವು. ಆ ಜನರ ಮೈಬಣ್ಣ ಕಪ್ಪು. ಅವರಲ್ಲಿ ಹಲವರು ತಲೆತಲಾಂತರದಿಂದ ದನ ಕಾಯ್ದು ಬಂದವರು.